ಬಾಗಿಲು ತೆರೆಯುವ ಉಡುಪು

ನನ್ನ ತಮ್ಮನ ಹೆಂಡತಿಯಷ್ಟು ತಲೆಕೆಳಗಾದ ಗೃಹಿಣಿ ಇಡೀ ಮುಂಡರಗಿಯಲ್ಲಿ ಇನ್ನೊಬ್ಬಳಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಲೋಕದ ಹೆಂಗಸರು ಮದುವೆಗೆ ಹೊಸ ಸೀರೆಯುಟ್ಟು, ಮನೆಯಲ್ಲಿ ಹಳೆಯದನ್ನು ಸವೆಸುತ್ತಾರೆ. ಈಕೆ ಮದುವೆಗೆ ಹಳೆಯದರಲ್ಲಿ ಹೋಗಿ, ಒಗ್ಗರಣೆ ಹಾಕುವುದಕ್ಕೆ ಹೊಸದನ್ನು ತೊಡುತ್ತಾಳೆ! ಕೇಳಿದರೆ ಉತ್ತರ ಸಿದ್ಧ: "ಮದುವ್ಯಾಗ ನನ್ನ ಯಾರ ನೋಡ್ತಾರ್ರಿ ಅಕ್ಕಾರ? ಎಲ್ಲಾರೂ ಮದುಮಗಳನ್ನ ನೋಡ್ತಾರ. ಮನಿಯಾಗ ನನ್ನ ಮಕ್ಕಳು ಮುಂಜಾನಿಂದ ಸಂಜಿತನಕ ನನ್ನ ನೋಡಬೇಕು. ಪಾಪ, ಅವರೇನ ತಪ್ಪ ಮಾಡ್ಯಾರ?"

ಗದಗಿನ ಶಾಲೆಯೊಂದರಲ್ಲಿ ಹಲವು ವರ್ಷ ಮಕ್ಕಳ ಉತ್ತರಗಳನ್ನು ತಿದ್ದಿದ ನನಗೆ, ಈ ಉತ್ತರದಲ್ಲಿ ಕೆಂಪು ಶಾಯಿ ತಾಗಿಸಲು ಜಾಗವೇ ಸಿಗಲಿಲ್ಲ.

ಇದೆಲ್ಲ ಪ್ರಾರಂಭವಾದದ್ದು ಒಂದು ಟವೆಲಿನ ದೆಸೆಯಿಂದ. ನಮ್ಮ ಓಣಿಯ ಶಿಷ್ಟಾಚಾರ ನಿಮಗೂ ಗೊತ್ತಿರಬಹುದು: ಮನೆಯೊಳಗೆ ನೈಟಿ, ಬಾಗಿಲು ಬಡಿದ ಸದ್ದಾದರೆ ಅದರ ಮೇಲೊಂದು ಟವೆಲ್. ಟವೆಲ್ ಹೆಗಲೇರಿದ ಕ್ಷಣವೇ ನೈಟಿಯು ಸಭ್ಯ ಉಡುಪಾಗಿ ಪರಿವರ್ತನೆ ಹೊಂದುತ್ತದೆ! ಹೇಗೆ? ಅದನ್ನು ಯಾರೂ ಕೇಳಬಾರದು. ಒಮ್ಮೆ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದಾಗ, ಈಕೆಯ ಸೊಂಟದ ಮೇಲೆ ಕೂಸು, ಒಲೆಯ ಮೇಲೆ ಹಾಲು. ಹಗ್ಗದ ಮೇಲೆ ಕೈಗೆ ಸಿಕ್ಕಿದ್ದನ್ನು ಸೆಳೆದು ಹೆಗಲಿಗೇರಿಸಿ ಬಾಗಿಲು ತೆರೆದಳು. ಆತ ಕ್ಷಣಕಾಲ ನೋಡಿ, ಅತ್ಯಂತ ವಿನಯದಿಂದ ವಿಚಾರಿಸಿದ:

"ಅಕ್ಕಾರ, ಸಾಹುಕಾರ್ರ ಪಾಯಿಜಾಮ ಒಣಗೇತೇನ್ರಿ?"

ತಮ್ಮನ ಪಾಯಿಜಾಮದ ಎರಡೂ ಕಾಲುಗಳು ಆಕೆಯ ಕೊರಳಿನಿಂದ ಸನ್ಮಾನದ ಹಾರದಂತೆ ಇಳಿಬಿದ್ದಿದ್ದವು!

ಅಂದೇ ಶಪಥವಾಯಿತು: "ಇನ್ನ ಮ್ಯಾಲೆ ನನ್ನ ಮನಿ ಬಾಗಲಾ ತಗಿಯಾಕ ನಾ ಬಟ್ಟಿ-ಅರಿವಿ ಹುಡುಕಾಂಗಿಲ್ಲ!"

ಮರುದಿನವೇ ಬೆಟಗೇರಿಗೆ ಹೋಗಿ ಕೈಮಗ್ಗದ ನೂಲಿನ ಎರಡು ಸೀರೆ ತಂದು, ದರ್ಜಿಯ ಮುಂದೆ ಹರವಿ, ನಿಲುವಂಗಿ ಹೊಲಿಯಲು ಹೇಳಿದಳು. ದಡಿ ಪಾದದ ಹತ್ತಿರ ಬರಬೇಕು, ಸೆರಗಿನ ಚಿತ್ತಾರ ಬೆನ್ನಿಗೆ ಬರಬೇಕು, ಕೂಸಿಗೆ ಹಾಲೂಡಿಸಲು ಪಕ್ಕದಲ್ಲಿ ಗುಂಡಿ ಬೇಕು, ಕಿಸೆಗಳು ನಾಲ್ಕು.

"ನಾಕು ಕಿಸೇನ್ರಿ? ಪೊಲೀಸರಿಗೂ ಇಷ್ಟು ಹೊಲಿದಿಲ್ಲರಿ ನಾನು."

"ಅವರು ಕೈಯಾಗ ಲಾಠಿ ಹಿಡಿತಾರ, ನಾ ಕೂಸು ಹಿಡಿತೀನಿ. ಲಾಠಿ ಕೆಳಗಿಟ್ರ ಅಳೂದಿಲ್ಲ!"

ಉಡುಪು ಚೆನ್ನಾಗಿಯೇ ಇತ್ತು. ಹಾಗೆಂದು ಒಪ್ಪಿಕೊಳ್ಳಲು ನನಗೆ ಮೂರು ಭೇಟಿಗಳು ಬೇಕಾದವು, ಅಷ್ಟೆ. ಆದರೆ ಅವ್ವ ಒಪ್ಪಲಿಲ್ಲ.

"ಘಡಿ ಮುರದು ಒಮ್ಮೆರ ಉಡೂದಕ್ಕಿಂತ ಮೊದಲ ಹೊಸಾ ಸೀರಿಗೆ ಕತ್ತರಿ ಹಾಕಿದಿ! ಉಟ್ಟು ಹರಿದ ಮ್ಯಾಲೆ ಕೌದಿ ಹೊಲಿಯಾಕ ಕತ್ತರಿಸೂದು ಕಂಡೇನಿ. ಇದನ್ನೆಲ್ಲೂ ಕಂಡಿಲ್ಲವ್ವಾ!"

"ಹರಿಯೂತನಕ ಯಾಕ ಕಾಯಬೇಕ್ರಿ ಅತ್ತಿ?"

ಅವ್ವನ ಕೋಪಕ್ಕೂ ಕಾರಣವಿತ್ತು. ಇಳಕಲ್ ಸೀರೆಯ ನಿರಿಗೆಗಳನ್ನು ಒಪ್ಪವಾಗಿ ಹಿಡಿದು ಉಡದೆ, ಆಕೆ ಹಿತ್ತಲಿನ ಬೆಕ್ಕಿಗೂ ಮುಖ ತೋರಿಸಿದವಳಲ್ಲ. ಅತ್ತೆ-ಸೊಸೆಯರಿಬ್ಬರ ಹಠವೂ ವಾಸ್ತವವಾಗಿ ಒಂದೇ: ನಮ್ಮ ಮನೆಯಲ್ಲಿ ನಾವು ನಾಚದೆ ಎದ್ದುಬಂದು ಬಾಗಿಲು ತೆರೆಯುವಂತಿರಬೇಕು. ಆದರೆ ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು?

ಕಳೆದ ವರ್ಷ ಅವ್ವ ಬಚ್ಚಲಲ್ಲಿ ಜಾರಿಬಿದ್ದಳು. ಬಲಗೈ ಮೇಲೇಳದಾಯಿತು, ಸೀರೆ ಉಡಲಾಗದಾಯಿತು. ಸೊಸೆ ಉಡಿಸಲು ಹೋದರೆ, "ನನ್ನ ಸೀರಿ ನಾನ ಉಡಾಕಿ. ಕೂಸೇನ ನಾನು?" ಎಂದು ಗದರಿ, ನೈಟಿಯ ಮೇಲೆ ಚಾದರ ಹೊದ್ದು ಒಳಕೋಣೆ ಸೇರಿದಳು. ಓಣಿಯ ಗೆಳತಿಯರು ಮಾತನಾಡಿಸಲು ಬಂದರೆ, ಮಲಗಿದ್ದಾಳೆಂದು ಹೇಳಿಸಿ ಕಳುಹಿಸುತ್ತಿದ್ದಳು. ಹದಿನೈದು ದಿನ ಹೀಗೆಯೇ ಕಳೆದವು.

ನಾನು ನೋಡಲು ಹೋದ ದಿನ, ಅಡುಗೆಮನೆಯಲ್ಲಿ ಇನ್ನೊಂದು ವಿಚಿತ್ರ! ತಮ್ಮನ ಹೆಂಡತಿ ತನ್ನ ಬಲಗೈಯನ್ನು ದಾರದಿಂದ ಸೊಂಟಕ್ಕೆ ಬಿಗಿದುಕೊಂಡು, ಎಡಗೈಯೊಂದರಿಂದಲೇ ಯಾವುದೋ ಬಟ್ಟೆಯೊಡನೆ ಹೋರಾಡುತ್ತಿದ್ದಳು.

"ಏನವ್ವಾ, ಇದ್ಯಾವ ಹೊಸಾ ಹುಚ್ಚು?"

"ಸುಮ್ನಿರ್ರಿ ಅಕ್ಕಾರ. ಈ ಗುಂಡಿ ಇನ್ನೊಂದೆರಡ ಬೆರಳು ಮುಂದ ಬರಬೇಕು."

ಕಟ್ಟು ಬಿಚ್ಚಿದಳು, ಗುಂಡಿ ಕಿತ್ತು ಸರಿಸಿ ಹೊಲಿದಳು, ಹಲ್ಲಿನಿಂದ ದಾರವೆಳೆದು ಮತ್ತೆ ಕಟ್ಟಿಕೊಂಡಳು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಸಂಜೆ ಅದನ್ನು ಅವ್ವನ ಹಾಸಿಗೆಯ ಮೇಲಿಟ್ಟು, ಹೇಗೆ ತೊಡಬೇಕೆಂದು ಎರಡು ಮಾತು ಹೇಳಿ ಹೊರಬಂದಳು. ಅವ್ವನದೇ ಇಳಕಲ್ ಸೀರೆ. ಎಲ್ಲಿಯೂ ಕತ್ತರಿ ತಾಗಿರಲಿಲ್ಲ. ನಿರಿಗೆಗಳನ್ನು ಹಿಡಿದು ಹೊಲಿದಿತ್ತು. ಗುಂಡಿಗಳೆಲ್ಲವೂ ಎಡಗೈಗೆ ಎಟಕುವಲ್ಲಿದ್ದವು. ನನ್ನ ನಗು ಎಲ್ಲಿ ಹೋಯಿತೋ!

ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ನಾವಿಬ್ಬರೂ ಕಾದೆವು. ಬಹಳ ಹೊತ್ತಿನ ಮೇಲೆ ಅವ್ವ ತಾನೇ ಚಿಲಕ ತೆಗೆದು ಬಂದಳು; ನಮ್ಮತ್ತ ನೋಡದೆ ನೇರವಾಗಿ ಮುಂದಿನ ಕಟ್ಟೆಗೆ ನಡೆದಳು.

"ಬಾಳ ದಿನಕ್ಕ ಕಂಡ್ರಲ್ರಿ ದೊಡ್ಡವ್ವಾರ!" ಎಂದಳು ಎದುರುಮನೆಯಾಕೆ.

"ಏನ ಮಾಡಲೆವ್ವಾ, ಪುರಸೊತ್ತ ಇರಲಿಲ್ಲ!"

ಸೊಸೆ ಚಹ ತಂದಳು. ಅವ್ವ ಕಪ್ಪನ್ನು ಪಕ್ಕಕ್ಕಿರಿಸಿ, ಎಡಗೈಯಿಂದ ಆಕೆಯ ಬಲಗೈಯನ್ನು ಹಿಡಿದು ಹತ್ತಿರಕ್ಕೆಳೆದಳು. ಮಣಿಕಟ್ಟಿನ ಸುತ್ತ ದಾರದ ಕೆಂಪು ಗೆರೆ ಇನ್ನೂ ಉಳಿದಿತ್ತು. ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕುತ್ತ, ಅವ್ವ ತೀರ ಸಣ್ಣ ದನಿಯಲ್ಲಿ ಹೇಳಿದಳು:

"ಇಷ್ಟ ಬಿಗಿ ಕಟ್ಟಿಕೋತಾರೇನ, ಹುಚ್ಚಿ?"