ಸುಹಾನಾಗೆ ಬಂದ ಮೊದಲ ರ‍್ಯಾಂಕ್

ಸುಹಾನಾಳ ಕಷ್ಟವೆಲ್ಲ ಶುರುವಾದದ್ದು ಅವಳಿಗೆ ಮೊದಲ ರ‍್ಯಾಂಕ್ ಬಂದದ್ದರಿಂದ.

ಬಿಡದಿಯ 'ವಿಜಯದುಂದುಭಿ ಕೋಚಿಂಗ್ ಸೆಂಟರ್'ನವರು ಜಿಲ್ಲೆಯ ಒಂಬತ್ತನೇ ತರಗತಿಯ ಮಕ್ಕಳಿಗೆಲ್ಲ 'ಪ್ರತಿಭಾ ಶೋಧ' ಅಂತ ಒಂದು ಪರೀಕ್ಷೆ ಇಟ್ಟಿದ್ದರು. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ, ಸರಿ ಅನ್ನಿಸಿದ ಉತ್ತರದ ಸೊನ್ನೆಯೊಳಗೆ ಪೆನ್ನಿನಿಂದ ಕಪ್ಪು ತುಂಬಬೇಕು. ಮೊದಲು ಬಂದವರಿಗೆ ಹತ್ತನೇ ತರಗತಿ ಮುಗಿಯುವ ತನಕ ಅವರ ಹಾಸ್ಟೆಲ್ಲಿನಲ್ಲಿ ಊಟ, ವಸತಿ, ಪಾಠ ಎಲ್ಲ ಪುಕ್ಕಟೆ.

ಆ ಹಾಸ್ಟೆಲ್ ಎಂದರೆ ಸುಹಾನಾಗೆ ನಡುಕ. ಚಿಕ್ಕಪ್ಪನ ಮಗಳು ಜಾರಾ ಹೋದ ವರ್ಷ ಅಲ್ಲಿಗೆ ಸೇರಿದ್ದಳು. ಹಬ್ಬಕ್ಕೆ ಮನೆಗೆ ಬಂದವಳನ್ನು ಅಜ್ಜಿ, "ಬಿರಿಯಾನಿ ಹಾಕ್ಲಾ, ಪಾಯಸ ಕೊಡ್ಲಾ?" ಎಂದು ಕೇಳಿದರೆ, ಜಾರಾ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, "ಎ ಮತ್ತು ಬಿ ಎರಡೂ ಸರಿ" ಎಂದಿದ್ದಳು. ಮಲಗಿದವಳು ನಿದ್ದೆಗಣ್ಣಲ್ಲೇ ಎದ್ದು ಕೂತು ಗೋಡೆಯ ಮೇಲಿನ ಹಲ್ಲಿಗೆ ಮೂಲವಸ್ತುಗಳ ಹೆಸರನ್ನೆಲ್ಲ ಒಪ್ಪಿಸಿದ್ದಳು. ಪಾಪ, ಹಲ್ಲಿ ಮರುದಿನ ಮನೆಯಲ್ಲೇ ಇರಲಿಲ್ಲ.

ಹಾಗಾಗಿ ಸುಹಾನಾ ಹಟ ಹಿಡಿದು ಫೇಲಾಗಲು ನಿರ್ಧರಿಸಿದಳು. ಪ್ರಶ್ನೆಪತ್ರಿಕೆಯನ್ನು ಮಗುಚಿಟ್ಟು, ಉತ್ತರದ ಹಾಳೆಯಲ್ಲಿ ಎ, ಬಿ, ಸಿ, ಡಿ, ಆಮೇಲೆ ಡಿ, ಸಿ, ಬಿ, ಎ ಎಂದು ಹಾವು ಹರಿದಂತೆ ಸೊನ್ನೆ ತುಂಬುತ್ತಾ ಹೋದಳು. ಅವಳಪ್ಪ ನಿಯಾಜ್ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವನು. ಅವನು ಮರದ ಬೊಂಬೆಗೆ ಬಣ್ಣದ ಪಟ್ಟೆ ಎಳೆದಷ್ಟೇ ಚಂದವಾಗಿ ಬಂದಿತ್ತು ಹಾಳೆ. ಉಳಿದ ಸಮಯದಲ್ಲಿ ಒಂದು ನಿದ್ದೆಯನ್ನೂ ತೆಗೆದಳು.

ಫಲಿತಾಂಶ ಬಂದ ಭಾನುವಾರ ಬೆಳಿಗ್ಗೆ ಆಟದ ಮೇಷ್ಟ್ರು ಲೋಕೇಶ್ ಬೈಕಿನ ಹಾರನ್ನಿನ ಮೇಲಿಂದ ಕೈ ತೆಗೆಯದೆ ಬೀದಿಗೆ ನುಗ್ಗಿದರು.

"ನಿಯಾಜಣ್ಣಾ! ನಿನ್ ಮಗ್ಳು ಜಿಲ್ಲೆಗೇ ಫಸ್ಟ್ ಬಂದ್ಬುಟ್ಟವ್ಳೆ ಕಣಣ್ಣಾ! ಸಾಯಂಕಾಲ ರಾಮನಗರದಾಗೆ ಸನ್ಮಾನ ಐತೆ!"

ನಿಯಾಜ್ ಬೊಂಬೆ ಕಡೆಯುವ ಯಂತ್ರ ನಿಲ್ಲಿಸುವುದನ್ನೂ ಮರೆತು ಎದ್ದ. ಅಮ್ಮ ಜೈನಬ್ ಅಲ್ಲೇ ಕೂತು ಅಳುವುದಕ್ಕೆ ಶುರುಮಾಡಿದಳು. ಸುಹಾನಾಳ ಬಾಯಲ್ಲಿದ್ದ ಇಡ್ಲಿ ಒಳಗೂ ಹೋಗದು, ಹೊರಗೂ ಬಾರದು.

"ಅಮ್ಮೀ, ನಾನು ಪ್ರಶ್ನೆನೇ ಓದಿಲ್ಲ. ಸುಮ್ನೆ ಡಿಸೈನ್ ಮಾಡ್ದೆ."

"ನೋಡಿ ಮೇಷ್ಟ್ರೇ, ಒಸಿನಾದ್ರೂ ಜಂಬ ಐತಾ ನನ್ನ ಮಗೀಗೆ?" ಎಂದು ಜೈನಬ್ ಇನ್ನೊಂದು ಸುತ್ತು ಅತ್ತಳು.

"ಇದೆಲ್ಲ ಖೋಖೋ ಮಹಿಮೆ ಕಣಮ್ಮ. ನಾನು ಓಡ್ಸಿ ಓಡ್ಸಿ ಇವ್ಳ ಮಿದುಳಿಗೆ ರಕ್ತ ಏರ್ಸಿದ್ದೆ," ಎಂದರು ಲೋಕೇಶ್ ಮೇಷ್ಟ್ರು. ಖೋಖೋದಲ್ಲಿ ಎಲ್ಲರಿಗಿಂತ ಮೊದಲು ಔಟಾಗಿ ಮರದ ನೆರಳಲ್ಲಿ ಕೂರುತ್ತಿದ್ದವಳು ಸುಹಾನಾ.

ಎದುರು ಮನೆಯ ಬಿಸ್ಮಿಲ್ಲಾ ಖಾಲಾ ಮೊಮ್ಮಕ್ಕಳನ್ನೆಲ್ಲ ಎಳೆದುಕೊಂಡು ಬಂದಳು. ಒಬ್ಬೊಬ್ಬರ ತಲೆಯನ್ನೂ ಹಿಡಿದು ಸುಹಾನಾಳ ತಲೆಗೆ ಡಿಕ್ಕಿ ಹೊಡೆಸಿದಳು.

"ಖಾಲಾ, ನೋವಾಯ್ತದೆ!"

"ಸುಮ್ಕಿರು ಬೇಟಾ. ನಿನ್ ತಲೇಲಿ ತುಂಬ್ಕಂಡೈತೆ, ಇವ್ರ ತಲೇಗೂ ಒಸಿ ಇಳೀಲಿ."

ಸುದ್ದಿ ಕೇಳಿ ಪಕ್ಕದ ಬೀದಿಯವರೂ ತಲೆಗಳನ್ನು ಹಿಡಿದುಕೊಂಡು ಬಂದರು. ಮಧ್ಯಾಹ್ನದ ಹೊತ್ತಿಗೆ ಸುಹಾನಾಳ ಹಣೆ ಹಲಸಿನಕಾಯಿಯಾಗಿತ್ತು.

ಸಂಜೆ ಇಡೀ ಬೀದಿ ಒಂದು ಲಗೇಜ್ ಟೆಂಪೋ ಹತ್ತಿ ರಾಮನಗರಕ್ಕೆ ಹೊರಟಿತು. ಸಭಾಂಗಣದ ಮುಂದೆ ಆಳೆತ್ತರದ ಫ್ಲೆಕ್ಸ್. ಯಾವುದೋ ಮದುವೆಯಲ್ಲಿ ಸುಹಾನಾ ಊಟಕ್ಕೆ ಕೂತಿದ್ದ ಫೋಟೋ ಅದು. ಕೈಯಲ್ಲಿದ್ದ ಕೋಳಿಕಾಲನ್ನು ಅಳಿಸಿ ಪೆನ್ನು ಅಂಟಿಸಿದ್ದರು. ಆದರೆ ಮುಖದಲ್ಲಿದ್ದ ಆಸೆ ಹಾಗೇ ಉಳಿದು, ಹುಡುಗಿ ಪೆನ್ನನ್ನು ಕಚ್ಚಿ ತಿನ್ನಲು ಹೊರಟಂತೆ ಕಾಣುತ್ತಿತ್ತು.

ವೇದಿಕೆಯ ಮೇಲೆ ಅವಳ ಪಕ್ಕದಲ್ಲೇ ಎರಡನೇ ರ‍್ಯಾಂಕಿನ ಹುಡುಗ ಕೂತಿದ್ದ. ಕನಕಪುರದಾಚೆ ಉಯ್ಯಂಬಳ್ಳಿಯವನು, ಹೆಸರು ಚೈತನ್ಯ. ಎರಡನೆಯವನಿಗೆ ಹಾಸ್ಟೆಲ್ ಇಲ್ಲ, ಒಂದು ಗೋಡೆ ಗಡಿಯಾರ ಅಷ್ಟೆ. ಗಡಿಯಾರವನ್ನು ಎದೆಗೊತ್ತಿಕೊಂಡು ಕೂತವನನ್ನು ನೋಡಿ ಸುಹಾನಾಗೆ ಪಾಪ ಅನ್ನಿಸಿತು. ಇವನು ಹಗಲೂ ರಾತ್ರಿ ಓದಿರಬೇಕು. ಇವನ ಸೀಟನ್ನು ತಾನು ಕಿತ್ತುಕೊಂಡಂತಾಯಿತಲ್ಲ!

ಸೆಂಟರಿನ ನಿರ್ದೇಶಕರು ಮೈಕನ್ನು ಅವಳ ಮುಂದೆ ಹಿಡಿದರು. "ಹೇಳಮ್ಮಾ, ಈ ಸಾಧನೆಯ ಗುಟ್ಟೇನು?"

ಸುಹಾನಾ ಗಟ್ಟಿಯಾಗಿ ಉಸಿರೆಳೆದುಕೊಂಡಳು.

"ನಾನು ಒಂದು ಪ್ರಶ್ನೆನೂ ಓದಿಲ್ಲ. ಎ ಬಿ ಸಿ ಡಿ, ಡಿ ಸಿ ಬಿ ಎ ಅಂತ ಡಿಸೈನ್ ಮಾಡ್ದೆ. ಆಮೇಲೆ ಮಲಗ್ಬುಟ್ಟೆ. ಈ ರ‍್ಯಾಂಕ್ ನಂದಲ್ಲ."

ಹಾರ ಹಿಡಿದಿದ್ದ ನಿರ್ದೇಶಕರ ಕೈ ಗಾಳಿಯಲ್ಲೇ ನಿಂತಿತು. ಇನ್ನು ಮನೆಗೆ ಹೋಗುವುದೊಂದೇ ಬಾಕಿ ಎಂದು ಸುಹಾನಾ ಬಾಗಿಲ ಕಡೆ ನೋಡಿದಳು.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಮಾಗಡಿ ಕಡೆಯ ಅಪ್ಪನೊಬ್ಬ ಎದ್ದು ನಿಂತ. "ಕೂಸೇ, ಎ ಇಂದ ಶುರು ಮಾಡ್ದಾ, ಡಿ ಇಂದ್ಲಾ? ಒಸಿ ನಿಧಾನಕ್ಕೆ ಹೇಳವ್ವಾ!"

ಸಭೆಯಲ್ಲಿದ್ದ ಅಪ್ಪ ಅಮ್ಮಂದಿರೆಲ್ಲ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಳ್ಳತೊಡಗಿದರು. ಪೆನ್ನಿಲ್ಲದ ಹೆಂಗಸೊಬ್ಬಳು ಕಾಡಿಗೆ ಡಬ್ಬಿ ತೆಗೆದಳು. ಲೋಕೇಶ್ ಮೇಷ್ಟ್ರು ವೇದಿಕೆಗೆ ಹಾರಿ ಮೈಕು ಕಿತ್ತುಕೊಂಡರು.

"ಬಂಧುಗಳೇ, ಓದ್ದಲೇ ಫಸ್ಟ್ ಬಂದವ್ಳು, ಇನ್ನು ಓದ್ಬುಟ್ರೆ ಏನಾಗ್ಬೇಡ!"

ನಿರ್ದೇಶಕರ ಮುಖಕ್ಕೆ ಜೀವ ಬಂತು. "ಅದನ್ನೇ ನಾನೂ ಹೇಳ್ಬೇಕಂತಿದ್ದೆ! ಇಂಥ ಪ್ರತಿಭೆಗೆ ಮಾಮೂಲಿ ಬ್ಯಾಚ್ ಸಾಲದು. ಸ್ಪೆಷಲ್ ಬ್ಯಾಚ್! ಬೇರೆ ಮಕ್ಕಳು ನಾಲ್ಕಕ್ಕೆ ಎದ್ದರೆ ಈ ಮಗು ಮೂರಕ್ಕೇ ಏಳುತ್ತೆ!"

ಚಪ್ಪಾಳೆಗೆ ಸಭಾಂಗಣದ ತಗಡು ಅದುರಿತು. ನಿಯಾಜ್ ಕಣ್ಣೊರೆಸಿಕೊಂಡು, "ಮೂರಕ್ಕೆ!" ಎಂದು ಪಕ್ಕದವರಿಗೆಲ್ಲ ಹೆಮ್ಮೆಯಿಂದ ಹೇಳತೊಡಗಿದ.

ಸುಹಾನಾ ಕುರ್ಚಿಯಲ್ಲಿ ಕುಸಿದಳು. ಉಳಿದದ್ದು ಒಂದೇ ದಾರಿ. ಚೈತನ್ಯನ ಕಡೆ ಬಾಗಿ ಪಿಸುಗುಟ್ಟಿದಳು.

"ಚೈತನ್ಯ, ನನ್ನ ಸೀಟು ನೀನೇ ತಗೋ. ನಿಂಗೇ ಸೇರ್ಬೇಕಾದ್ದು. ಈಗ್ಲೇ ಮೈಕಲ್ಲಿ ಹೇಳ್ತೀನಿ."

ಹುಡುಗನ ಮುಖ ಸುಣ್ಣವಾಯಿತು. ಗಡಿಯಾರ ತೊಡೆಯ ಮೇಲಿಟ್ಟು ಎರಡೂ ಕೈ ಮುಗಿದ.

"ನಿನ್ ಕಾಲಿಗ್ ಬೀಳ್ತೀನಿ, ಹಂಗ್ ಮಾತ್ರ ಮಾಡ್ಬ್ಯಾಡ ಕಣಕ್ಕ! ಫೇಲಾಗ್ಲಿ ಅಂತ ನಾನ್ ಎಷ್ಟು ಕಷ್ಟ ಪಟ್ಟಿವ್ನಿ ಗೊತ್ತಾ? ಪ್ರತಿಯೊಂದ್ ಪ್ರಶ್ನೆನೂ ಓದಿ, ಯಾವ್ ಉತ್ರ ಸರಿ ಅಂತ ಹುಡುಕಿ, ಅದೊಂದ್ ಬುಟ್ಟು ಬ್ಯಾರೇದಕ್ಕೇ ತುಂಬ್ದೆ. ಅವ್ರ ಉತ್ರದ ಪಟ್ಟೀನೇ ತಪ್ಪಿತ್ತೋ ಏನೋ, ಆದ್ರೂ ಸೆಕೆಂಡ್ ಬಂದ್ಬುಡ್ತು! ನೀನು ಫಸ್ಟ್ ಬಂದಿದ್ಕೆ ನಾನ್ ಬದ್ಕಂಡೆ. ನಿನ್ನ ದೇವ್ರು ಚೆನ್ನಾಗಿಟ್ಟಿರ್ಲಿ."

ಅಷ್ಟರಲ್ಲಿ ನಿರ್ದೇಶಕರು ಮತ್ತೆ ಮೈಕು ಹಿಡಿದರು.

"ಇನ್ನೊಂದು ಸಿಹಿಸುದ್ದಿ! ಒಬ್ಬಳೇ ಒಂದು ಬ್ಯಾಚಲ್ಲಿ ಕೂತರೆ ಮಗುವಿಗೆ ಬೇಜಾರಾಗುತ್ತೆ. ಅದಕ್ಕೇ ಎರಡನೇ ರ‍್ಯಾಂಕಿನ ಚೈತನ್ಯನಿಗೂ ಸ್ಪೆಷಲ್ ಬ್ಯಾಚಲ್ಲಿ ಪುಕ್ಕಟೆ ಸೀಟು!"

ಚೈತನ್ಯನ ತೊಡೆಯಿಂದ ಗಡಿಯಾರ ಜಾರಿ ಬಿತ್ತು. ಉಯ್ಯಂಬಳ್ಳಿಯವರು ಶಿಳ್ಳೆ ಹೊಡೆದು ಕುಣಿದರು. ಅವನು ಮಾತ್ರ ತಪ್ಪು ಬಸ್ಸು ಹತ್ತಿ ಟಿಕೆಟ್ಟೂ ತೆಗೆದುಕೊಂಡವನ ಹಾಗೆ ಕೂತಿದ್ದ.

ಮೂರು ಗಂಟೆಗೆ ಏಳುವುದೇನೂ ಸುಹಾನಾಗೆ ತಪ್ಪಲಿಲ್ಲ. ಆದರೂ ಬೆಳಗಿನಿಂದ ಒಮ್ಮೆಯೂ ನಗದವಳು ಈಗ ನಗುತ್ತಾ ಎದ್ದು ನಿಂತು, ಇಡೀ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.