ಮಾವನಿಗೊಂದು ಕಾಗೆ

ಹಿರಿಯರ ಹಬ್ಬದ ಮಧ್ಯಾಹ್ನ ಸಹಕಾರನಗರದ ಶಿವಪ್ರಕಾಶನ ಮಹಡಿಗೆ ಕಾಗೆ ಬರಲಿಲ್ಲ. ತೀರಿಹೋದ ಮಾವ ಬ್ಯಾಟರಾಯಪ್ಪನವರ ಎಡೆಯಲ್ಲಿ ಮುದ್ದೆ, ಮಟನ್ ಸಾರು, ವಡೆ, ಪಕ್ಕದಲ್ಲೊಂದು ಕ್ವಾರ್ಟರ್ ರಮ್ ಎಲ್ಲವೂ ಇತ್ತು. ಬಂದದ್ದು ಪಾರಿವಾಳಗಳು ಮಾತ್ರ. ಅವು ಬಡಾವಣೆ ಸಂಘದ ಸಭೆಗೆ ಬಂದ ಸದಸ್ಯರಂತೆ ಸುತ್ತ ಓಡಾಡಿ, ಏನನ್ನೂ ಮುಟ್ಟದೆ ಗೊಣಗುತ್ತಿದ್ದವು.

"ಕಾಗೆ ಮುಟ್ಟೋಗಂಟ ಯಾರೂ ಬಾಯಿಗಾಕಂಗಿಲ್ಲ," ಎಂದು, ಹಬ್ಬಕ್ಕೆ ಶೆಟ್ಟಿಹಳ್ಳಿಯಿಂದ ಬಂದಿದ್ದ ಅತ್ತೆ ಅಂಜಿನಮ್ಮ ಅಡುಗೆಮನೆ ಬಾಗಿಲಿಗೆ ಅಡ್ಡ ಕೂತರು. "ಅವರದೇನೋ ಆಸೆ ಉಳ್ಕಂಡೈತೆ."

ಆ ಆಸೆ ಶಿವಪ್ರಕಾಶನಿಗೆ ಗೊತ್ತಿತ್ತು. ಅಳಿಯ ಶೆಟ್ಟಿಹಳ್ಳಿಯ ತಮ್ಮ ಮನೆಗೇ ಬಂದಿರಲಿ ಎಂದು ಮಾವ ಕೊನೆಯವರೆಗೂ ಹೇಳಿದ್ದರು. ಮದುವೆಯಾದಾಗಿನಿಂದ ಅವನು ಮನೆ ಅಳಿಯನಾಗದೆ ತಪ್ಪಿಸಿಕೊಂಡು ಬಂದಿದ್ದ.

ಪಕ್ಕದ ಮನೆಯ ಮಂಜೂರ್ ಕಾಂಪೌಂಡಿನಾಚೆಯಿಂದ ಎಲ್ಲ ಕೇಳಿಸಿಕೊಂಡರು. ನಿವೃತ್ತ ಮೇಷ್ಟ್ರಾದ ಅವರ ಕೊರಳಲ್ಲಿ ಸದಾ ಬೈನಾಕ್ಯುಲರ್. "ಪಾರ್ಕಲ್ಲಿ ಜೌಗು ಇದೆಯಲ್ಲ ಶಿವು, ಅಲ್ಲಿಗೆ ಬಾರಪ್ಪ. ಯಾವ ಹಕ್ಕಿ ಬೇಕಾದ್ರೂ ಸಿಗುತ್ತೆ."

ಎಡೆಯಿಂದ ಒಂದಿಷ್ಟನ್ನು ಡಬ್ಬಿಗೆ ಹಾಕಿಕೊಂಡು ಇಬ್ಬರೂ ಹೊರಟರು.

ಜೌಗಿನ ಗೇಟಿನಲ್ಲಿ ಗಾರ್ಡ್ ಗೋಪಾಲಮ್ಮ ತಡೆದಳು. "ಫೋನ್ ಸೈಲೆಂಟ್ ಮಾಡ್ಕಳಿ. ಹಕ್ಕಿಗೆ ಊಟ ಹಾಕಂಗಿಲ್ಲ." ಡಬ್ಬಿಯ ವಾಸನೆ ಹಿಡಿದಳು. "ಎಡೆನಾ? ಹಂಗಾದ್ರೆ ಹೋಗಿ. ಅದು ಹಕ್ಕಿಗಲ್ಲ, ಹಿರೀಕರಿಗೆ."

ಪಾರ್ಕಿನ ಹೊರಸುತ್ತಿನಲ್ಲಿ ದಿನವೂ ನಡೆಯುತ್ತಿದ್ದ ಶಿವಪ್ರಕಾಶ ಆ ಗೇಟು ದಾಟಿದ್ದು ಅದೇ ಮೊದಲು. ಒಳಗೆ ಹಲಗೆಯ ದಾರಿ, ಎರಡೂ ಕಡೆ ಆಳೆತ್ತರದ ಜೊಂಡು. ತಾವರೆ ಎಲೆಗಳ ಮೇಲೆ ಒಂದು ಹಕ್ಕಿ, ಆಗಷ್ಟೇ ಒರೆಸಿದ ನೆಲ ದಾಟುವವರಂತೆ ಹುಷಾರಾಗಿ ನಡೆಯುತ್ತಿತ್ತು.

"ಮುಳುಗಲ್ವಾ ಸಾರ್ ಅದು?"

"ಬೆರಳು ಎಷ್ಟುದ್ದ ಇದೆ ನೋಡು. ಭಾರ ಹಂಚಿಹೋಗುತ್ತೆ."

ಜೊಂಡಿನ ಸಂದಿಯಿಂದ ನೇರಳೆ ಮೈ, ಕೆಂಪು ಕೊಕ್ಕಿನ ಕೋಳಿಯಂಥದ್ದು ಇಣುಕಿತು. ಶಿವಪ್ರಕಾಶ ಹಸಿವು ಮರೆತು ಮೇಷ್ಟ್ರ ಬೈನಾಕ್ಯುಲರನ್ನೇ ಕಿತ್ತುಕೊಂಡ. ಒಣಕೊಂಬೆಯ ಮೇಲೆ ರೆಕ್ಕೆ ಹರಡಿ ಕೂತಿದ್ದ ಕಪ್ಪು ಹಕ್ಕಿ ಕಂಡಿತು.

"ಕಾಗೆ!"

"ನೀರುಕಾಗೆ ಕಣಪ್ಪ. ಮೀನು ತಿನ್ನೋದು."

ಎಡೆ ಮುಟ್ಟೋಕೆ ನೀರುಕಾಗೆಯಾದರೂ ಆದೀತೋ ಎಂದು ಕೇಳಲು ಶಿವಪ್ರಕಾಶ ಅತ್ತೆಗೆ ಫೋನ್ ಮಾಡಿದ.

"ನಿಮ್ಮಾವ ಬದುಕಿದ್ದಾಗ್ಲೇ ನೀರ್ ಮುಟ್ಟಿದೋರಲ್ಲ, ಈಗ ನೀರ್‌ಕಾಗೆ ಆಗಿ ಬತ್ತಾರಾ? ನೆಟ್ಟಗೆ ಉಡುಕಿ. ಮುಟ್ಟಿದ್ದಕ್ಕೆ ವಿಡಿಯೋ ಬೇಕು."

ಕೊನೆಗೆ ಹೊಂಗೆ ಮರದಲ್ಲಿ ನಿಜವಾದ ಕಾಗೆಯೊಂದು ಸಿಕ್ಕಿತು. ಶಿವಪ್ರಕಾಶ ಡಬ್ಬಿ ತೆರೆದು ಮರದಡಿ ಇಟ್ಟ. ಅದು ಎಡೆಯನ್ನು ನೋಡಿತು, ಶಿವಪ್ರಕಾಶನನ್ನು ನೋಡಿತು, ಬೆನ್ನು ತಿರುಗಿಸಿತು. ಮಂಜೂರ್ ಮೊಬೈಲ್ ಹಿಡಿದು ನಿಂತೇ ಇದ್ದರು.

ಕುತೂಹಲ ತಡೆಯಲಾರದೆ ಹಿಂದೆಯೇ ಬಂದಿದ್ದ ಗೋಪಾಲಮ್ಮ, "ಏನೋ ಬಾಕಿ ಇಟ್ಕಂಡಿದ್ದೀರಾ. ಮಾತು ಕೊಡಿ ಸಾರ್, ಇಳೀತಾರೆ," ಎಂದಳು.

ಶಿವಪ್ರಕಾಶ ಮೊದಲು ಸಣ್ಣದರಿಂದ ಶುರುಮಾಡಿದ. "ಮಾವ, ನಿಮ್ಮ ಫೋಟೋಗೆ ದೊಡ್ಡ ಫ್ರೇಮ್ ಹಾಕಿಸ್ತೀನಿ." ಕಾಗೆ ಅಲುಗಲಿಲ್ಲ. "ಪ್ರತಿ ಭಾನುವಾರ ಅತ್ತೆನ ನೋಡ್ಕೊಂಡು ಬರ್ತೀನಿ." ಕಾಗೆ ಮೇಲಿನ ಕೊಂಬೆಗೆ ಹಾರಿತು. ಹೊಟ್ಟೆ ಗುಡುಗಿತು. "ಆಯ್ತು ಮಾವ! ಶೆಟ್ಟಿಹಳ್ಳಿಗೇ ಬಂದಿರ್ತೀನಿ, ಸಾಕಾ?"

ಕಾಗೆ ದೊಪ್ಪನೆ ಇಳಿದು ಮಟನ್ ಚೂರು ಕಚ್ಚಿಕೊಂಡು ಹೋಯಿತು.

"ಬಂತು, ಬಂತು! ನಿಮ್ಮತ್ತೆಗೆ ಕಳಿಸಿಯೂ ಬಿಟ್ಟೆ," ಎಂದರು ಮಂಜೂರ್.

"ಸಾರ್, ಮಾತೂ ಕೇಳಿಸುತ್ತಾ ಅದರಲ್ಲಿ?"

"ಗಂಟೆ ಹೊಡೆದಂಗೆ!"

ಮನೆಗೆ ಬಂದರೆ ಎಲ್ಲರೂ ಉಂಡು ಕೈ ತೊಳೆಯುತ್ತಿದ್ದರು. "ಎಷ್ಟ್ ಸಲ ಫೋನ್ ಮಾಡೋದ್ರೀ?" ಎಂದಳು ಹೆಂಡತಿ ಪದ್ಮಶ್ರೀ. ಸೈಲೆಂಟಾಗಿದ್ದ ಫೋನ್ ಅವನ ಜೇಬಿನಲ್ಲೇ ಇತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀವು ಫೋನ್ ಮಡಗಿದ್ಮ್ಯಾಕೆ ನಾನೂ ಮಹಡಿಗೋಗಿ ಕೈಮುಗಿದೆ. 'ಅಳಿಯಂದ್ರನ್ನ ಇನ್ಮ್ಯಾಕೆ ಶೆಟ್ಟಳ್ಳಿಗೆ ಬಲವಂತ ಮಾಡಕಿಲ್ಲ' ಅಂದೆ. ಅಂದೇಟ್ಗೆ ಕಾಗೆ ಬಂದು ಮುಟ್ತು."

ಶಿವಪ್ರಕಾಶನ ಮುಖ ಅರಳಿತು. "ಹಾಗಾದ್ರೆ ಮಾವನ ಆಸೆ ಅದೇ ಅತ್ತೆ! ಇಲ್ಲಿಗೆ ಬಂದಿದ್ದೇ ಮಾವ. ಪಾರ್ಕಿಂದು ಯಾವುದೋ ಬೀದಿ ಕಾಗೆ!"

"ಬುಡ್ತು ಅನ್ನಿ," ಎಂದ ಅಂಜಿನಮ್ಮ ಮೊಬೈಲನ್ನು ಎದೆಗೊತ್ತಿಕೊಂಡರು. "ವಿಡಿಯೋ ಇರೋರೇ ನಿಮ್ಮಾವ. ಶೆಟ್ಟಳ್ಳಿ ಮನೆಗೆ ಸುಣ್ಣ ಬಳಿಯಾಕೆ ಆಗ್ಲೇ ಯೇಳಿವ್ನಿ."