ಟವೆಲ್ಲಿನ ಕೆಳಗೆ ನಡೆದದ್ದು

ಈ ಪಾಠಕ್ಕೆ ನನಗೆ ತಗುಲಿದ ಖರ್ಚು ಒಂದು ನಾಟಿ ಹುಂಜ. ಮಸಾಲೆ, ತೆಂಗಿನಕಾಯಿ, ಮುದ್ದೆಗೆ ರಾಗಿಹಿಟ್ಟು ಬೇರೆ. ಇಷ್ಟು ಕೊಟ್ಟು ಕೊಳ್ಳಲು ಹೊರಟಿದ್ದು ವಿಜ್ಞಾನದ ಪುಸ್ತಕವೊಂದರಲ್ಲಿ ನನ್ನ ಬುದ್ಧಿವಂತಿಕೆಗೆ ನಾಲ್ಕು ಸಾಲಿನ ಜಾಗ. ಅದೂ ಸಿಗಲಿಲ್ಲ. ಬರಿಗೈಯಲ್ಲಿ ಬಂಗಾರಪೇಟೆಗೆ ಬಂದು, ದನದ ದಲ್ಲಾಳಿಯಾಗಿ, ಕ್ಯಾಸಂಬಳ್ಳಿಯಲ್ಲಿ ತಾರಸಿ ಮನೆ ಕಟ್ಟಿಸಿದವನು ನಾನು. ಇಷ್ಟು ಕೆಟ್ಟ ವ್ಯಾಪಾರ ಎಂದೂ ಮಾಡಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಮಾಡಿದ ವ್ಯಾಪಾರ ಹೀಗೇ.

ವಿದೇಶದ ದೊರೆಸಾನಿಯೊಬ್ಬಳು ಮನುಷ್ಯರು ಹೇಗೆ ಚೌಕಾಸಿ ಮಾಡುತ್ತಾರೆಂದು ಸಂಶೋಧಿಸಿ ಪುಸ್ತಕ ಬರೆಯಲು ನಮ್ಮ ಸಂತೆಗೆ ಬಂದಳು. ಮಾತು ತಿಳಿಸಲು ಬೆಂಗಳೂರಿನ ಮೇಡಂ ಒಬ್ಬರು ಜೊತೆಗಿದ್ದರು. ಚೌಕಾಸಿ ಅಳೆಯುವ ಕ್ರಮವನ್ನು ದೊರೆಸಾನಿಯ ಕಡೆಯವರು ತಮ್ಮ ಕಾಲೇಜು ಹುಡುಗರನ್ನು ಎದುರುಬದುರು ಕೂರಿಸಿ ತಯಾರಿಸಿದ್ದರಂತೆ: ಯಾರು ಎಷ್ಟು ಸಲ ಬೇಡ ಅಂದರು, ಏನು ಕಾರಣ ಕೊಟ್ಟರು, ಮುಖ ಹೇಗೆ ಮಾಡಿದರು. ಆ ಹುಡುಗರ ಅಳತೆಯೇ ಲೋಕದ ಮನುಷ್ಯರಿಗೆಲ್ಲ ಅಳತೆ.

ನಮ್ಮ ದನದ ವ್ಯಾಪಾರದಲ್ಲಿ ಬಾಯಿಗೆ ಕೆಲಸವೇ ಇಲ್ಲ. ಮಾರುವವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು, ಬೆರಳು ಒತ್ತಿ ಬೆಲೆ ಹೇಳಬೇಕು. ಅವನು ಬೇರೆ ಬೆರಳು ಒತ್ತಿ ಏರಿಸುತ್ತಾನೆ. ಸುತ್ತ ನಿಂತವರಿಗೆ ಸುಳಿವು ಸಿಗಬಾರದು, ಮುಖದಲ್ಲಿ ಏನೂ ಕಾಣಬಾರದು. ಅವತ್ತು ಸೀಮೆ ಹಸುವೊಂದರ ಬೆಲೆಯನ್ನು ನಾನು ಇಳಿಸಿದ ರೀತಿಗೆ ಮಾರುವವನ ಅಂಗೈಯೇ ಬೆವೆತುಹೋಯಿತು. ದೊರೆಸಾನಿ ಬರೆದುಕೊಂಡದ್ದನ್ನು ಮೇಡಂ ಎಲ್ಲರೆದುರು ಓದಿ ಹೇಳಿದರು: ಇವರಿಗೆ ಚೌಕಾಸಿ ಗೊತ್ತಿಲ್ಲ, ಬಟ್ಟೆಯ ಕೆಳಗೆ ಕೈ ಹಿಡಿದು ಪ್ರಾರ್ಥಿಸುತ್ತಾರೆ.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಚತುರ ವ್ಯಾಪಾರಿ ಎಂದು ಅವಳು ಆರಿಸಿದ್ದು ನನ್ನ ಷಡ್ಡಕ ಮುನಿಯಪ್ಪನನ್ನು! ಉರಿಗಾಂನಲ್ಲಿ ಟೊಮೇಟೊ ಮಾರುವವನು; ದೊರೆಸಾನಿ ಅಲ್ಲಿಗೂ ಹೋಗಿದ್ದಳು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕಿರುಚಾಡಿ, ಎದೆ ಬಡಿದುಕೊಂಡು, ಕೊನೆಗೆ ಗಿರಾಕಿ ಕೇಳಿದ ಬೆಲೆಗೇ ಕೊಟ್ಟುಬಿಡುತ್ತಾನೆ. ದೊರೆಸಾನಿ ಜೊತೆ ತೆಗೆಸಿಕೊಂಡ ಫೋಟೋವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸುತ್ತಾ ತಿರುಗಿದ.

"ಯಾಕಣ್ಣ ಮಕ ಇಂಗಾಯ್ತು? ಒಸಿ ಪ್ರಾರ್ತನೆ ಮಾಡ್ಕ, ಎಲ್ಲ ಸರಿಯೋಯ್ತದೆ" ಎಂದು ನನಗೇ ಹೇಳಿದ.

ಮುಂದಿನ ವಾರ ಬೇತಮಂಗಲದ ನನ್ನ ಹಳೆಯ ಗಿರಾಕಿ ಹಸು ಕೊಡಿಸಲು ಮುನಿಯಪ್ಪನನ್ನೇ ಕರೆದುಕೊಂಡು ಬಂದ. ಕೆಚ್ಚಲು ಯಾವ ಕಡೆ ಇರುತ್ತದೆಂದು ಹುಡುಕುವ ಮನುಷ್ಯ! ನನ್ನ ಅನ್ನಕ್ಕೇ ಕಲ್ಲು ಬಿತ್ತಲ್ಲ ಎಂದು, ದೊರೆಸಾನಿ ಊರು ಬಿಡುವ ಮುಂಚೆ ಮನೆಗೆ ಕರೆದು ಹುಂಜ ಕೊಯ್ಯಿಸಿದೆ. ಊಟವಾದ ಮೇಲೆ ಅವಳ ಕೈ ಮೇಲೆ ಟವೆಲ್ ಹಾಕಿ, ಬೆರಳು ಒತ್ತಿ, ಇದೇ ಕಣಮ್ಮ ಚೌಕಾಸಿ ಎಂದು ವಿವರಿಸಿದೆ. ಅವಳು ಕಣ್ಣು ಮುಚ್ಚಿಕೊಂಡಳು.

"ಅವರಿಗೆ ತುಂಬಾ ಶಾಂತಿ ಸಿಕ್ಕಿತಂತೆ" ಎಂದರು ಮೇಡಂ. "ಆದರೆ ಮಾತಿಲ್ಲದ ಚೌಕಾಸಿಗೆ ಅವರ ಅಳತೆಯಲ್ಲಿ ಜಾಗ ಇಲ್ಲವಂತೆ."

ಉರಿದುಹೋಯಿತು. ಅವಳು ಹೊದ್ದಿದ್ದ ಶಾಲನ್ನು ಎಷ್ಟಕ್ಕೆ ಕೊಂಡಳೆಂದು ಕೇಳಿದೆ. ಅಂಗಡಿಯವನು ಹೇಳಿದಷ್ಟನ್ನೇ ಕೊಟ್ಟಿದ್ದಳಂತೆ. ಅವರು ಹೋದ ಮೇಲೆ ಹೆಂಡತಿಗೆ ಹೇಳಿದೆ: "ಆ ದೇಸದಲ್ಲಿ ಒಬ್ರಿಗೂ ತಲೆ ಇಲ್ಲ ಕಣೆ!"

ಅವಳು ಎಲೆ ಎತ್ತುತ್ತಾ, "ನೀನು ಮಾತಾಡ್ಲಿಲ್ಲ ಅಂತ ಆಯಮ್ಮ ನಿನ್ನ ದಡ್ಡ ಅಂದ್ಲು. ಚೌಕಾಸಿ ಮಾಡ್ಲಿಲ್ಲ ಅಂತ ನೀನು ಅವ್ರ ದೇಸಾನೇ ದಡ್ಡ್ರು ಅಂತೀಯ. ಇಬ್ರುಗೂ ಒಂದೇ ರೋಗ ಕಣಯ್ಯ. ಮದ್ಯೆ ನನ್ ಹುಂಜ ಓಯ್ತು" ಎಂದಳು.

ಆದ್ದರಿಂದ ಓದುಗರೇ, ಯಾರಾದರೂ ನಿಮ್ಮನ್ನು ಅಳೆಯಲು ಬಂದರೆ, ಆ ಅಳತೆ ಯಾರನ್ನು ನೋಡಿ ತಯಾರಾದದ್ದು ಎಂದು ಮೊದಲು ಕೇಳಿ. ಉತ್ತರ ಬರುವವರೆಗೆ ಹುಂಜ ಬುಟ್ಟಿಯ ಕೆಳಗೇ ಇರಲಿ. ಹಸು ಕೊಳ್ಳುವುದಿದ್ದರೆ ನಮ್ಮ ಸಂತೆಗೇ ಬನ್ನಿ. ಬಾಯಿ ಮುಚ್ಚಿ ನಿಂತವನನ್ನು ಮಾತ್ರ ಹುಡುಕಬೇಡಿ. ಟವೆಲ್ಲಿನ ಕೆಳಗೆ ಬೆರಳು ಒತ್ತುತ್ತಾ, ಮೇಲೆ ಮೂರು ಭಾಷೆಯಲ್ಲಿ ಕಿರುಚಿಕೊಂಡು ಎದೆ ಬಡಿದುಕೊಳ್ಳುತ್ತಿರುವವನು ಕಂಡರೆ, ಅವನೇ ನಾನು.